ಪರದೆಯೊಳಗಿನ ಗುಡ್ಡ, ಊರ ಹಿಂದಿನ ಗುಡ್ಡ



ಬೇಸಿಗೆ ರಜೆಯ ಒಂದು ಮಧ್ಯಾಹ್ನ ಗುಳೇದಗುಡ್ಡದ ಯಾವುದಾದರೂ ಓಣಿಯಲ್ಲಿ ನಡೆದುಹೋಗಿ ನೋಡಿ. ಕೆಲವು ಮನೆಗಳ ಒಳಗಿನಿಂದ ಖಣ ನೇಯುವ ಮಗ್ಗದ ಸದ್ದು ಇನ್ನೂ ಕೇಳಿಬರುತ್ತದೆ. ಹೊರಗೆ ಗುಡಿಯ ಕಟ್ಟೆಯ ಮೇಲೆ ಐದಾರು ಹುಡುಗರು ಒಂದೇ ಮೊಬೈಲಿನ ಸುತ್ತ ತಲೆ ಸೇರಿಸಿ ಕುಳಿತಿರುತ್ತಾರೆ. ಒಬ್ಬನ ಎರಡು ಹೆಬ್ಬೆರಳುಗಳು ಮಾತ್ರ ಆಡುತ್ತಿರುತ್ತವೆ. ಉಳಿದವರ ಭುಜ, ಕತ್ತು, ಉಸಿರು ಎಲ್ಲವೂ ಪರದೆಯೊಳಗಿನ ಬೈಕಿನೊಡನೆ ಹತ್ತಿ ಇಳಿಯುತ್ತಿರುತ್ತವೆ. ಬೈಕು ಬಿದ್ದೊಡನೆ ಆರು ಬಾಯಿಗಳಿಂದ ಒಂದೇ ಉದ್ಗಾರ. ಮರುಕ್ಷಣವೇ ಮತ್ತೆ ಆರಂಭ. ಅವರ ಬೆನ್ನ ಹಿಂದೆ, ಕೂಗಳತೆಯ ದೂರದಲ್ಲಿ, ಕೆಂಪು ಮರಳುಗಲ್ಲಿನ ನಿಜವಾದ ಗುಡ್ಡ ಬಿಸಿಲಿನಲ್ಲಿ ಕಾಯುತ್ತ ನಿಂತಿರುತ್ತದೆ.

ಮಣ್ಣಿನ ಹಾದಿಯಲ್ಲಿ ಬೈಕು ಓಡಿಸುವ ಈ ಮೊಬೈಲ್ ಆಟಗಳನ್ನು ಖಂಡಿಸಿ ಪತ್ರಿಕೆಯಲ್ಲಿ ಬರೆಯಬೇಕೆಂದು ನಮ್ಮ ಬಳಗದ ಹಿರಿಯರು ಕೆಲವರು ಒತ್ತಾಯಿಸುತ್ತ ಬಂದಿದ್ದಾರೆ. ಪರಿಸರದ ಪತ್ರಿಕೆಗೂ ಮೊಬೈಲ್ ಆಟಕ್ಕೂ ಏನು ಸಂಬಂಧವೆಂದು ಕೇಳುವವರೂ ಇದ್ದಾರೆ. ಸಂಬಂಧ ಇದೆ. ಆದರೆ ಅರಿಯದ ವಸ್ತುವನ್ನು ಖಂಡಿಸುವುದು ವಿಜ್ಞಾನದ ವಿದ್ಯಾರ್ಥಿಗೆ ಶೋಭಿಸುವುದಿಲ್ಲವಾದ್ದರಿಂದ, ಮೊದಲು ಆಡಿಯೇ ನೋಡುವುದೆಂದು ನಿಶ್ಚಯಿಸಿದೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಅಕ್ಕನ ಮಗನೇ ಗುರುವಾದ.

ಅವನು ಕಲಿಸಿದ್ದು ‘ಹಿಲ್ ಕ್ಲೈಂಬ್ ರೇಸಿಂಗ್’ ಎಂಬ ಆಟ. ಫಿನ್ಲೆಂಡಿನ ಫಿಂಗರ್‌ಸಾಫ್ಟ್ ಎಂಬ ಸಂಸ್ಥೆ 2012ರಲ್ಲಿ ಹೊರತಂದದ್ದು. ಪರದೆಯ ಎಡಕ್ಕೆ ಬ್ರೇಕು, ಬಲಕ್ಕೆ ಎಕ್ಸಲರೇಟರು. ಇವೆರಡನ್ನು ಬಿಟ್ಟರೆ ಬೇರೆ ಸಾಧನವಿಲ್ಲ. ಮೊದಲು ಒಂದು ಜೀಪು ಕೈಗೆ ಸಿಗುತ್ತದೆ; ನಾಣ್ಯಗಳನ್ನು ಕೂಡಿಸಿದ ಮೇಲೆ ಬೈಕನ್ನು ಕೊಳ್ಳಬಹುದು. ಉಬ್ಬು ತಗ್ಗುಗಳ ಗುಡ್ಡವನ್ನು ಏರುತ್ತ ಇಳಿಯುತ್ತ, ದಾರಿಯಲ್ಲಿ ಇಂಧನದ ಡಬ್ಬಿಗಳನ್ನು ಪಡೆಯುತ್ತ, ತಲೆ ನೆಲಕ್ಕೆ ತಾಗದಂತೆ ಆದಷ್ಟು ದೂರ ಸಾಗುವುದು, ಅಷ್ಟೆ. ನಾನು ಮೊದಲ ಏರಿನಲ್ಲಿಯೇ ಮಗುಚಿಬಿದ್ದೆ. “ಮಾಮಾ, ಏರಿನ್ಯಾಗ ಅಷ್ಟು ಗ್ಯಾಸ್ ಕೊಡಬ್ಯಾಡ್ರಿ, ಸ್ವಲ್ಪ ಬಿಟ್ಟು ಬಿಟ್ಟು ಕೊಡ್ರಿ” ಎಂದು ಅವನು ತಾಳ್ಮೆಯಿಂದ ಹೇಳಿದ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಾನು ಎಂದೂ ತೋರಿಸದಷ್ಟು ತಾಳ್ಮೆ ಅದು. ಸಂಜೆ ಐದಕ್ಕೆ ಕುಳಿತವನು ತಲೆ ಎತ್ತಿದಾಗ ಏಳೂವರೆಯಾಗಿತ್ತು. ಅಕ್ಕ ಒಳಗಿನಿಂದ ಬಂದು ಇಬ್ಬರನ್ನೂ ಒಂದೇ ದನಿಯಲ್ಲಿ ಗದರಿದಳು.

ನನಗೆ ಇದು ತೀರ ಹೊಸ ಅನುಭವವೂ ಅಲ್ಲ. 2000ದ ಸುಮಾರಿಗೆ ಧಾರವಾಡದಲ್ಲಿ ಕೃಷಿ ಪದವಿ ಓದುತ್ತಿದ್ದಾಗ, ಮಿಂಚಂಚೆ ನೋಡುವ ನೆವದಲ್ಲಿ ಸೈಬರ್ ಕೆಫೆಗೆ ಹೋಗಿ ‘ರೋಡ್ ರ‍್ಯಾಶ್’ ಆಡಿ ಬಂದವರ ಪೈಕಿ ನಾನೂ ಒಬ್ಬ. ಅದು ಡಾಂಬರು ರಸ್ತೆಯ ಬೈಕಿನ ಆಟ. ಪಕ್ಕದ ಸವಾರನನ್ನು ಒದ್ದು ಬೀಳಿಸುವುದೇ ಅದರ ಆನಂದ. ಈಗಿನ ಹುಡುಗರ ಆಟದಲ್ಲಿ ಎದುರಾಳಿ ಎಂದರೆ ಹೆಚ್ಚಾಗಿ ಗುಡ್ಡವೇ. ಈ ವ್ಯತ್ಯಾಸ ನನಗೆ ಹಿಡಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಆಟಕ್ಕಿಂತ ಮೊದಲು ಹುಟ್ಟಿದ್ದು ಕ್ರೀಡೆ. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿ ಎಂಬಲ್ಲಿ ಒರಟು ಬಯಲಿನ ಮೇಲೆ ನಡೆದ ಬೈಕು ಸ್ಪರ್ಧೆಯನ್ನು ಇಂದಿನ ಮೋಟೋಕ್ರಾಸಿನ ಮೂಲವೆಂದು ಗುರುತಿಸುತ್ತಾರೆ. ಅದನ್ನು ಪರದೆಗೆ ತಂದ ಆಟಗಳಲ್ಲಿ ಹೆಸರಾದದ್ದು 1984ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ರೂಪಿಸಿದ ‘ಎಕ್ಸೈಟ್‌ಬೈಕ್’. ಅದರಲ್ಲಿ ಅತಿ ವೇಗ ಕೊಟ್ಟರೆ ಎಂಜಿನ್ನು ಕಾದು ಬೈಕು ನಿಂತುಬಿಡುತ್ತಿತ್ತು. ಆಡುವವನು ತನಗೆ ಬೇಕಾದಂತೆ ಉಬ್ಬು ತಗ್ಗುಗಳನ್ನು ಜೋಡಿಸಿ ಸ್ವಂತ ಹಾದಿಯನ್ನೂ ಕಟ್ಟಬಹುದಾಗಿತ್ತು. 1998ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಮೋಟೋಕ್ರಾಸ್ ಮ್ಯಾಡ್‌ನೆಸ್’ನಲ್ಲಿ ಒಂದು ವಿಚಿತ್ರವಿತ್ತು. ಆ ಲೋಕದ ಅಂಚಿನಲ್ಲಿ ಕಡಿದಾದ ಬೆಟ್ಟದ ಗೋಡೆ. ಹೇಗೋ ಹತ್ತಿ ಆಚೆಗೆ ದಾಟಲು ಹೋದರೆ ಅದೃಶ್ಯವಾದ ಫಿರಂಗಿಯೊಂದು ಸವಾರನನ್ನೂ ಬೈಕನ್ನೂ ಆಕಾಶಮಾರ್ಗವಾಗಿ ಹಿಂದಕ್ಕೆ ಎಸೆದುಬಿಡುತ್ತಿತ್ತು! ನಮ್ಮ ಗುಡ್ಡಕ್ಕೂ ಅಂಥದೊಂದು ಫಿರಂಗಿ ಇದ್ದಿದ್ದರೆ ಎಂದು ಯೋಚಿಸಿ ನಕ್ಕಿದ್ದುಂಟು.

ಹಾಗಾದರೆ ಈ ಆಟದ ಸೆಳೆತ ಎಲ್ಲಿದೆ? ನನ್ನ ಮಟ್ಟಿಗೆ ಅದು ವೇಗದಲ್ಲಿಲ್ಲ, ಸಮತೋಲದಲ್ಲಿದೆ. ಬೈಕು ದಿಬ್ಬದಿಂದ ಚಿಮ್ಮಿ ಗಾಳಿಯಲ್ಲಿರುವಾಗ ಎಕ್ಸಲರೇಟರ್ ಕೊಟ್ಟರೆ ಮುಂದಿನ ಗಾಲಿ ಮೇಲೇಳುತ್ತದೆ. ಬ್ರೇಕು ಹಿಡಿದರೆ ಮೂತಿ ಕೆಳಗಿಳಿಯುತ್ತದೆ. ಇದು ಆಟದವರು ಕಲ್ಪಿಸಿಕೊಂಡ ಮಾಯೆಯಲ್ಲ. ವಿಜ್ಞಾನ ಓದುವ ನಮ್ಮ ವಿದ್ಯಾರ್ಥಿ ಓದುಗರು ಇದನ್ನು ಬಲ್ಲರು: ಕೋನೀಯ ಸಂವೇಗದ ಸಂರಕ್ಷಣೆ. ಹಿಂದಿನ ಗಾಲಿಯು ಮುಮ್ಮುಖವಾಗಿ ಇನ್ನಷ್ಟು ಜೋರಾಗಿ ತಿರುಗಿದರೆ, ನೆಲದ ಆಸರೆಯಿಲ್ಲದ ಬೈಕಿನ ಒಡಲು ಅದಕ್ಕೆ ಪ್ರತಿಯಾಗಿ ಹಿಮ್ಮುಖವಾಗಿ ತಿರುಗಲೇಬೇಕು. ನಿಜವಾದ ಡರ್ಟ್ ಬೈಕಿನ ಸವಾರರು ಗಾಳಿಯಲ್ಲಿ ಮಾಡುವುದೂ ಇದನ್ನೇ. ತರಗತಿಯಲ್ಲಿ ಈ ನಿಯಮವನ್ನು ಕಂಠಪಾಠ ಮಾಡಲಾಗದ ಹುಡುಗನ ಹೆಬ್ಬೆರಳು ಅದನ್ನು ಕಾಲು ಗಂಟೆಯಲ್ಲಿ ಕಲಿತುಬಿಡುತ್ತದೆ. ತಪ್ಪಿಗೆ ಉತ್ತರ ತಕ್ಷಣವೇ ದೊರೆಯುತ್ತದೆ, ಯಾರೂ ಬೈಯುವುದಿಲ್ಲ, ಅಂಕ ಕಡಿತವಿಲ್ಲ, ಮತ್ತೊಮ್ಮೆ ಪ್ರಯತ್ನಿಸುವ ಹಕ್ಕು ಸದಾ ಇರುತ್ತದೆ. ನಮ್ಮ ಶಾಲೆಗಳು ಇದರ ನಾಲ್ಕಾಣೆ ಭಾಗವನ್ನಾದರೂ ಕೊಡಬಲ್ಲವಾಗಿದ್ದರೆ!

ಮಿದುಳಿನ ಮಾತನ್ನೂ ಹೇಳಿಬಿಡುತ್ತೇನೆ. 1998ರಲ್ಲಿ ಲಂಡನ್ನಿನ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಎಂಟು ಜನ ಗಂಡಸರು ಟ್ಯಾಂಕು ಓಡಿಸುವ ವಿಡಿಯೋ ಆಟ ಆಡುತ್ತಿರುವಾಗ ಮಿದುಳನ್ನು ಚಿತ್ರಿಸಿ ನೋಡಿದರೆ, ಡೋಪಮೈನ್ ಎಂಬ ರಾಸಾಯನಿಕದ ಸ್ರಾವ ಹೆಚ್ಚಿದ್ದು ಕಂಡಿತು. ಚೆನ್ನಾಗಿ ಆಡಿದವರಲ್ಲಿ ಅದು ಇನ್ನೂ ಹೆಚ್ಚು. ಅವರಿಗೆ ಗೆದ್ದುದಕ್ಕೆ ಹಣ ಕೊಡುತ್ತಿದ್ದರು ಎಂಬುದನ್ನು ಮರೆಯಬಾರದು. ಅಲ್ಲದೆ ಇದು ವಿಡಿಯೋ ಆಟಕ್ಕೇ ಮೀಸಲಾದ ವಿಷವೇನೂ ಅಲ್ಲ. ಕಷ್ಟಪಟ್ಟು ಏನನ್ನಾದರೂ ಸಾಧಿಸುವ ಹೊಸ್ತಿಲಲ್ಲಿ ನಿಂತಾಗ ಎಲ್ಲರ ಮಿದುಳಿನಲ್ಲಿಯೂ ನಡೆಯುವ ವ್ಯವಹಾರ.

ನಮ್ಮ ಓಣಿಯಲ್ಲಿ ನೇಕಾರ ಅಜ್ಜ ಒಬ್ಬರಿದ್ದಾರೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಖಣ ನೇಯುತ್ತಾರೆ. ಹುಡುಗ ಒಮ್ಮೆ ಅವರಿಗೆ ಆಟ ತೋರಿಸಿದ. ಅಜ್ಜ ಸ್ವಲ್ಪ ಹೊತ್ತು ನೋಡಿ, “ಕಾಲು, ಕೈ, ಕಣ್ಣು ಕೂಡಬೇಕು, ಅಷ್ಟ ಅಲ್ಲೇನೋ ತಮ್ಮಾ? ನನ್ನದೂ ಅದ. ಆದ್ರ ನನ್ನದರಾಗ ಎಳಿ ಹರಿದ್ರ ಕುಂತು ಗಂಟು ಹಾಕಬೇಕಪಾ” ಎಂದರು. ಕಾಲ ತುಳಿತಕ್ಕೂ ಲಾಳಿಯ ಓಟಕ್ಕೂ ತಾಳ ಕೂಡಿದಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲವೆಂದು ನೇಕಾರರು ಹೇಳುವುದನ್ನು ನಾನು ಕೇಳಿದ್ದೇನೆ. ಅದೇ ಸೆಳೆತ. ಆದರೆ ಮಗ್ಗದ ಮೇಲೆ ತಪ್ಪು ಉಳಿದುಕೊಳ್ಳುತ್ತದೆ. ಅಜ್ಜ ಒಂದೇ ವಾಕ್ಯದಲ್ಲಿ ಹೇಳಿದ ಆ ವ್ಯತ್ಯಾಸವೇ ಈ ಸಂಪಾದಕೀಯದ ತಿರುಳು.

ಆಟ ಆಡುವ ಮಗನಿಗೆಲ್ಲ ರೋಗ ಹತ್ತಿತೆಂದು ಭಯಪಡುವ ತಂದೆತಾಯಿಗಳಿಗೆ ಇಷ್ಟು ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ‘ಆಟದ ವ್ಯಸನ’ವೂ ಸೇರಿದೆ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಊಟ, ಓದು, ನಿದ್ದೆಗಳಿಗಿಂತ ಅದೇ ಮೇಲಾಗಿ, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿದಿರಬೇಕು. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ. ರಜೆಯಲ್ಲಿ ಎರಡು ತಾಸು ಕಟ್ಟೆಯ ಮೇಲೆ ಗುಂಪಾಗಿ ಆಡುವ ಹುಡುಗ ಆ ವರ್ಗಕ್ಕೆ ಸೇರುವವನಲ್ಲ.

ಇನ್ನು ನಮ್ಮ ಗುಡ್ಡದ ಮಾತು. ಹುಡುಗರು ಪರದೆಯಲ್ಲಿ ಓಡಿಸಿ ಸುಮ್ಮನಿದ್ದಿದ್ದರೆ ಈ ಪತ್ರಿಕೆಗೆ ಕೆಲಸವೇ ಇರುತ್ತಿರಲಿಲ್ಲ. ಎರಡು ವರ್ಷಗಳಿಂದ ಸಂಜೆಯ ಹೊತ್ತು ಮೂರು ನಾಲ್ಕು ಬೈಕುಗಳು ಊರ ಹಿಂದಿನ ಇಳಿಜಾರಿನಲ್ಲಿ ಹತ್ತಿ ಇಳಿಯುತ್ತಿವೆ. ಸವಾರರು ಕಾಲೇಜು ಹುಡುಗರು. ಬೈಕುಗಳು ಸಂತೆಗೆ ಹೋಗಿಬರಲು ಮನೆಯವರು ಕೊಂಡ ಸಾಧಾರಣ ಬೈಕುಗಳು. ಆಟವೇ ಅವರನ್ನು ಅಲ್ಲಿಗೆ ಕಳಿಸಿತೆಂದು ಆಣೆ ಮಾಡಿ ಹೇಳಲಾರೆ. ಬೈಕು ಇದ್ದಲ್ಲಿ, ಗುಡ್ಡ ಇದ್ದಲ್ಲಿ, ಹದಿನೆಂಟರ ಪ್ರಾಯ ಇದ್ದಲ್ಲಿ ಇದು ಆಟವಿಲ್ಲದೆಯೂ ನಡೆದೀತು. ಆದರೆ ಯಾವ ಇಳಿಜಾರನ್ನು ಆರಿಸಿಕೊಳ್ಳುತ್ತೀರಿ ಎಂದು ಕೇಳಿದಾಗ ಅವರಲ್ಲೊಬ್ಬ ಮೊಬೈಲು ತೆಗೆದು ಒಂದು ಹಂತದ ಚಿತ್ರ ತೋರಿಸಿ, “ಇದರಂಗ ಇರೋದನ್ನ ನೋಡ್ತೀವಿ ಸರ್” ಎಂದ. ಗುಡ್ಡವನ್ನು ನೋಡುವ ಕಣ್ಣು ಎಲ್ಲಿಂದ ಬಂತೆಂಬುದು ಅಷ್ಟರಲ್ಲಿ ತಿಳಿಯಿತು.

ದನಗಳೂ ಗುಡ್ಡ ಹತ್ತುತ್ತವೆ. ಶತಮಾನಗಳಿಂದ ಹತ್ತುತ್ತಿವೆ. ಆದರೆ ದನದ ಹಾದಿ ಇಳಿಜಾರಿಗೆ ಓರೆಯಾಗಿ, ಬಳಸಿಕೊಂಡು ಏರುತ್ತದೆ. ನೀರು ಆ ಹಾದಿಯಲ್ಲಿ ನಿಧಾನವಾಗುತ್ತದೆ. ಬೈಕಿನವನಿಗೆ ಬೇಕಾದದ್ದು ನೆಟ್ಟಗಿನ ಏರು. ಏರುವಾಗ ಹಿಂದಿನ ಗಾಲಿ ತಿರುಗಿ ತಿರುಗಿ ಮಣ್ಣನ್ನು ಕೆದರಿ ಎಸೆಯುತ್ತದೆ, ಕೆಳಗಿನ ಮಣ್ಣನ್ನು ಒತ್ತಿ ಗಟ್ಟಿಮಾಡುತ್ತದೆ. ಮರಳುಗಲ್ಲು ಸವೆದು ಆದ ನಮ್ಮ ಮಸಾರಿ ಮಣ್ಣು ಗುಡ್ಡದ ಮೇಲೆ ಎಷ್ಟು ದಪ್ಪವಿದೆ? ಅನೇಕ ಕಡೆ ಗೇಣುದ್ದವೂ ಇಲ್ಲ. ಅದರ ಮೇಲ್ಮೈಯಲ್ಲಿ ಸೂಕ್ಷ್ಮ ಪಾಚಿ, ಕಲ್ಲುಹೂವುಗಳು ಸೇರಿ ಹೆಣೆದ ತೆಳುವಾದ ಪೊರೆಯೊಂದಿರುತ್ತದೆ. ಬೇಸಿಗೆಯಲ್ಲಿ ಸತ್ತಂತೆ ಕಪ್ಪಾಗಿದ್ದು, ಮೊದಲ ಮಳೆಗೆ ಹಸಿರಾಗುತ್ತದೆ. ಮಣ್ಣಿನ ಕಣಗಳನ್ನು ಬಿಗಿಹಿಡಿದಿರುವುದು ಅದೇ. ಗಾಲಿಯ ಕೆಳಗೆ ಅದು ಒಣ ಹಪ್ಪಳದಂತೆ ಒಡೆಯುತ್ತದೆ. ಅಮೆರಿಕದ ಮರುಭೂಮಿಗಳಲ್ಲಿ ಇಂಥ ಪೊರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕಾಗುತ್ತವೆಂದು ಕಂಡುಕೊಂಡಿದ್ದಾರೆ. ಆ ದೇಶದ ಸಾರ್ವಜನಿಕ ಭೂಮಿಯ ಮೇಲೆ ರಸ್ತೆ ಬಿಟ್ಟು ಓಡುವ ವಾಹನಗಳ ಹಾವಳಿ ಎಷ್ಟಾಗಿತ್ತೆಂದರೆ, 1972ರಲ್ಲಿ ಅಧ್ಯಕ್ಷ ನಿಕ್ಸನ್ನರೇ ಅವುಗಳ ನಿಯಂತ್ರಣಕ್ಕೆ ಆದೇಶ ಹೊರಡಿಸಬೇಕಾಯಿತು.

ಕಳೆದ ಚಳಿಗಾಲದಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ತಳ ಕತ್ತರಿಸಿದ ಎರಡು ಎಣ್ಣೆ ಡಬ್ಬಿಗಳು, ಒಂದು ಕೊಡ ನೀರು, ಅವನ ಮೊಬೈಲಿನ ಗಡಿಯಾರ: ಇಷ್ಟೇ ನಮ್ಮ ಪ್ರಯೋಗಶಾಲೆ. ಒಂದು ಡಬ್ಬಿಯನ್ನು ಬೈಕಿನ ಜಾಡಿನೊಳಗೆ, ಇನ್ನೊಂದನ್ನು ನಾಲ್ಕು ಮಾರು ಆಚೆ ಹುಲ್ಲಿನ ನಡುವೆ ನೆಲಕ್ಕೆ ಒತ್ತಿ, ಎರಡಕ್ಕೂ ಒಂದೊಂದು ತಂಬಿಗೆ ನೀರು ಸುರಿದೆವು. ಹುಲ್ಲಿನ ನಡುವಿನದು ನಾವು ನೋಡುತ್ತಿದ್ದಂತೆಯೇ ಕುಡಿದು ಮುಗಿಸಿತು. ಜಾಡಿನೊಳಗಿನದು ಹಾಗೆಯೇ ನಿಂತಿತ್ತು. ಹುಡುಗ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ಕಾದ; ಕೊನೆಗೆ ಬೇಸತ್ತು ಗಡಿಯಾರ ನಿಲ್ಲಿಸಿದ. ಶಾಲೆಗಳಲ್ಲಿ ಯಾರು ಬೇಕಾದರೂ ಮಾಡಬಹುದಾದ ಪ್ರಯೋಗವಿದು. ಮಾಡಿ ನಮಗೆ ಬರೆಯಿರಿ.

ಇಂಗದ ನೀರು ಎಲ್ಲಿಗೆ ಹೋಗುತ್ತದೆ? ಜಾಡು ನೆಟ್ಟಗಿರುವುದರಿಂದ ನೆಟ್ಟಗೆ ಓಡುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ, ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆಂಬುದು ಹಳೆಯ ಲೆಕ್ಕಾಚಾರ. ನಮ್ಮ ಜಿಲ್ಲೆಗೆ ಬೀಳುವುದು ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ ನಿಜ. ಆದರೆ ಅದು ಸಮನಾಗಿ ಬೀಳುವುದಿಲ್ಲ, ಕೆಲವೇ ಹೊಡೆತಗಳಲ್ಲಿ ಬೀಳುತ್ತದೆ. ಮೊದಲ ವರ್ಷ ಅಂಗೈಯಗಲದ ಗೆರೆಯಾಗಿದ್ದದ್ದು ಎರಡನೆಯ ಮಳೆಗಾಲದ ಹೊತ್ತಿಗೆ ಮೊಣಕಾಲುದ್ದದ ಕೊರಕಲಾಗಿತ್ತು. ಕೆಳಗೆ ಎರಡು ಎಕರೆಯಲ್ಲಿ ಸಜ್ಜೆ ಬಿತ್ತುವ ರೈತರೊಬ್ಬರಿದ್ದಾರೆ. ಅವರ ಮೇಲಿನ ಬದು ಒಡೆದು, ಮೊಳಕೆಯ ಮೇಲೆ ಮರಳು ಕೂತಿತು. ಅವರು ಬಿತ್ತಿದ್ದು ಎರಡನೆಯ ಸಲ. ಬೀಜದ ಸಾಲ ಮಾಡಿದ್ದು ಕೂಡ ಎರಡನೆಯ ಸಲ. ಬೈಕು ಓಡಿಸಿದ ಹುಡುಗರಲ್ಲಿ ಒಬ್ಬ ಅವರ ಭಾವನ ಮಗನೇ. ಅವನಿಗೆ ಗೊತ್ತಿರಲಿಲ್ಲ. ಪರದೆಯ ಗುಡ್ಡಕ್ಕೆ ಮಳೆಯಿಲ್ಲ, ಅದರ ಕೆಳಗೆ ಯಾರ ಹೊಲವೂ ಇಲ್ಲ. ಎಷ್ಟು ಸಲ ಓಡಿಸಿದರೂ ಮರುಕ್ಷಣ ಅದು ಹೊಸ ಗುಡ್ಡ.

ನಿಜವಾದ ಮೋಟೋಕ್ರಾಸ್ ಸ್ಪರ್ಧೆಗಳನ್ನು ಬಲ್ಲವರಿಗೆ ಇದು ತಿಳಿದ ಸಂಗತಿ. ಗಾಲಿಗಳು ಕೊರೆದ ಹಾದಿಯನ್ನು ಅಲ್ಲಿ ಮತ್ತೆ ಮತ್ತೆ ಯಂತ್ರಗಳಿಂದ ಸಮಮಾಡಿ, ಧೂಳು ಏಳದಂತೆ ನೀರು ಹಾಕಿ ಅಣಿಗೊಳಿಸುತ್ತಾರೆ. ಆ ಕ್ರೀಡೆಯಲ್ಲಿ ಹೆಸರು ಮಾಡಿದ ಕನ್ನಡನಾಡಿನವರೂ ಇದ್ದಾರೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಇಂಥ ಒರಟು ಹಾದಿಯ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು. ನಮ್ಮ ಹುಡುಗರು ಇವರ ಹೆಸರನ್ನು ಗೌರವದಿಂದ ಹೇಳುತ್ತಾರೆ; ತಪ್ಪೇನಿಲ್ಲ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಅದೇ ರ‍್ಯಾಲಿಯಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧದಿಂದ ಪ್ರಜ್ಞೆ ತಪ್ಪಿಸಿ ಇರಿಸಬೇಕಾಯಿತು ಎಂಬುದನ್ನೂ ಅಷ್ಟೇ ಗೌರವದಿಂದ ನೆನಪಿಡಬೇಕು. ಶಿರಸ್ತ್ರಾಣವಿಲ್ಲದೆ, ಪರವಾನಗಿಯಿಲ್ಲದೆ ಗುಡ್ಡ ಹತ್ತುವ ಮಗನ ಕೈಗೆ ಬೈಕಿನ ಕೀಲಿ ಕೊಡುವ ತಂದೆಯರಿಗೆ ಒಂದು ಮಾತು: ಅಪ್ರಾಪ್ತ ವಯಸ್ಸಿನವನು ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ.

ಇಷ್ಟೆಲ್ಲ ಬರೆಯುವಾಗ ಒಂದು ಸಂಕೋಚವೂ ಕಾಡುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ಹಡಗು ಹತ್ತಿ ಪರದೇಶಕ್ಕೆ ಹೋಗುವ ಜಿಲ್ಲೆ ನಮ್ಮದು. ಗುಡ್ಡವನ್ನೇ ಹೋಳುಮಾಡಿ ಒಯ್ಯುವ ಲಾರಿಗಳನ್ನು ಕಂಡು ಸುಮ್ಮನಿರುವ ಹಿರಿಯರು ನಾಲ್ಕು ಬೈಕಿನ ಹುಡುಗರ ಮೇಲೆ ಕಣ್ಣು ಕೆಂಪಾಗಿಸಿದರೆ, ಹುಡುಗರು ನಗುತ್ತಾರೆ. ನಗುವುದರಲ್ಲಿ ನ್ಯಾಯವಿದೆ. ಅಲ್ಲದೆ ನಾವು ಅವರಿಗೆ ಬೇರೆ ಯಾವ ಗುಡ್ಡವನ್ನು ಕೊಟ್ಟಿದ್ದೇವೆ? ಪಕ್ಕದ ಬಾದಾಮಿಯ ಕಡಿದಾದ ಬಂಡೆಗಳನ್ನು ಏರಲು ದೇಶವಿದೇಶಗಳಿಂದ ಯುವಕರು ಬರುತ್ತಾರೆ. ಕೈಬೆರಳಿನ ತುದಿಯಲ್ಲಿ ಇಡೀ ದೇಹದ ಸಮತೋಲ ಹಿಡಿಯುವ ಆ ಕ್ರೀಡೆ ನಮ್ಮ ಊರಿನ ಎಷ್ಟು ಮಕ್ಕಳಿಗೆ ತಲುಪಿದೆ?

ಆದ್ದರಿಂದ ನನ್ನದೊಂದು ಸಲಹೆ. ಬಳಗದ ಹಲವರಿಗೆ ಇದು ಒಪ್ಪಿಗೆಯಿಲ್ಲವೆಂದು ಮೊದಲೇ ತಿಳಿಸುತ್ತೇನೆ. ಕಲ್ಲು ತೆಗೆದು ಕೈಬಿಟ್ಟ ಕ್ವಾರಿಗಳ ಸಮತಟ್ಟಾದ ನೆಲ ನಮ್ಮ ಸುತ್ತ ಇದೆ. ಅಲ್ಲಿ ಕೆಡಿಸಲು ಮಣ್ಣೇ ಉಳಿದಿಲ್ಲ. ಆಳದ ಹೊಂಡಗಳಿಗೆ ಬೇಲಿ ಹಾಕಿ, ಕಲ್ಲುಪುಡಿಯಿಂದ ಉಬ್ಬು ತಗ್ಗುಗಳನ್ನು ಕಟ್ಟಿ, ಮೊದಲು ಸೈಕಲ್ಲಿಗೆ, ಪರವಾನಗಿ ಇರುವವರಿಗೆ ಬೈಕಿಗೆ ಬಿಟ್ಟುಕೊಡುವಂತೆ ಸ್ಥಳೀಯ ಆಡಳಿತವನ್ನು ಕೇಳೋಣ. ಹಾದಿ ಕಟ್ಟುವ ಕೆಲಸವನ್ನು ಹುಡುಗರೇ ಮಾಡಲಿ. ‘ಎಕ್ಸೈಟ್‌ಬೈಕ್’ ಆಡಿದವರಿಗೆ ಸಿಕ್ಕ ಆ ಸುಖ ಇವರಿಗೆ ಸಲಿಕೆಯ ಮೂಲಕ ಸಿಗಲಿ. ಮೋಟಾರಿನ ಸದ್ದಿಗೆ ಪರಿಸರ ಬಳಗವೇ ಜಾಗ ಕೇಳುವುದೆ ಎಂಬ ಆಕ್ಷೇಪ ಬಂದಿದೆ. ಸದ್ದು ನನಗೂ ಇಷ್ಟವಿಲ್ಲ. ಆದರೆ ಗೇಣುದ್ದದ ಮಣ್ಣು ಅದಕ್ಕಿಂತ ದೊಡ್ಡದು. ಇದರ ಪರವಾಗಿ, ವಿರೋಧವಾಗಿ ಬರುವ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಸದ್ಯಕ್ಕೆ ಮುಂಗಾರಿಗೆ ಮುನ್ನ ಕೊರಕಲಿಗೆ ಅಡ್ಡಲಾಗಿ ಕಲ್ಲು ಜೋಡಿಸುವ ಕೆಲಸ ಆರಂಭಿಸಿದ್ದೇವೆ. ಕಳೆದ ಭಾನುವಾರ ಹದಿಮೂರು ಜನ ಸೇರಿದ್ದೆವು. ಬೈಕಿನ ಹುಡುಗರಲ್ಲಿ ಮೂವರು ಬಂದಿದ್ದರು, ಆ ರೈತರ ಭಾವನ ಮಗನೂ ಸೇರಿ. ಏಳು ಕಡೆ ಅಡ್ಡಗಟ್ಟೆ ಹಾಕಿದೆವು. ಅಕ್ಕನ ಮಗ ಕೊನೆಯ ಕಟ್ಟೆಯ ಮೇಲೆ ಕಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆಮಾಡಿ ನೋಡಿ, “ಮಾಮಾ, ಹಿಂಗ ಇಟ್ರ ಇಲ್ಲಿಂದ ಬೈಕು ಭಾಳ ಛಲೋ ಜಿಗಿತೈತ್ರಿ” ಎಂದ. ಎಲ್ಲರೂ ನಕ್ಕರು. ಆಮೇಲೆ ಆ ಕಲ್ಲನ್ನು ತೆಗೆದು, ಚೂಪಾದ ಇನ್ನೊಂದನ್ನು ಹುಡುಕಿ ತಂದು ಅವನೇ ಇಟ್ಟ. ಮುಂದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಎರಡನೆಯ ಕೊರಕಲಿನ ಕೆಲಸ. ಸಲಿಕೆ, ಬುಟ್ಟಿ, ಕುಡಿಯುವ ನೀರು ತನ್ನಿ.

– ಸಂಪಾದಕ